ಬಾಸೂರು ಕಾವಲಿಗೆ ಮೂರು ದಿನದ ದಾರಿ

ದೊಡ್ಡಪ್ಪನಿಗೆ ಎಂಬತ್ತು ತುಂಬಿತು. ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೇನೆ, ಎಲ್ಲಿಗೆಂದು ನೀವೇ ಹೇಳಿ ಎಂದೆ. ಅವರು ಕಾಶಿ ಎನ್ನಲಿಲ್ಲ, ರಾಮೇಶ್ವರ ಎನ್ನಲಿಲ್ಲ. "ಬಾಸೂರು ಕಾವಲು ನೋಡಬೇಕಮ್ಮಾ. ನಮ್ಮ ಎತ್ತುಗಳ ತವರು ಆ ಕಡೆಯದು" ಎಂದರು. ಕಾವಲು ಎಂದರೆ ದನ ಮೇಯಲು ಮೀಸಲಿಟ್ಟ ಹುಲ್ಲಿನ ಬಯಲು.

ಅವರ ತಂದೆ, ಅಂದರೆ ನನ್ನ ತಾತ, ಅಮೃತ ಮಹಲ್ ತಳಿಯ ಎತ್ತಿನ ಜೋಡಿ ಕಟ್ಟಿದವರು. ಆ ಎತ್ತುಗಳ ಮಾತು ಬಂದರೆ ನಮ್ಮ ಮನೆಯಲ್ಲಿ ಇಂದಿಗೂ ಊಟ ತಣ್ಣಗಾಗುತ್ತದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಒಡೆದ ಬಂಡೆ ಕಂಡರೆ ಗಾಡಿ ನಿಲ್ಲಿಸುವ ಅಭ್ಯಾಸ ನನ್ನದು. ತುಮಕೂರಿನಿಂದ ಕಡೂರು ಸೀಮೆಗೆ ಅರ್ಧ ದಿನ ಸಾಕು. ಆದರೆ ದಾರಿಯಲ್ಲಿ ನೋಡಬೇಕಾದ ಕಲ್ಲುಗಳಿದ್ದವು, ಇನ್ನೊಂದು ಬಯಲೂ ಇತ್ತು. ಸುತ್ತು ಬಳಸಿ ಮೂರು ದಿನ ಮಾಡಿಕೊಂಡೆವು.

ಮೊದಲ ದಿನ

ಡಿಸೆಂಬರ್ ಕೊನೆಯ ಶುಕ್ರವಾರ, ಬೆಳಗಿನ ಜಾವ ಐದಕ್ಕೆ ಹೊರಟೆವು. ದೊಡ್ಡಪ್ಪ ಕಂಬಳಿ ಹೊದ್ದು ಮುಂದಿನ ಸೀಟಿನಲ್ಲಿ ಕೂತಿದ್ದರು. ಕೊರಟಗೆರೆ ದಾಟುವಷ್ಟರಲ್ಲಿ ಬೆಳಕು ಹರಿದು, ಬಂಡೆಬೆಟ್ಟಗಳು ಒಂದೊಂದಾಗಿ ಮಂಜಿನಿಂದ ಹೊರಬಂದವು. ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರ ಮಟ್ಟದಿಂದ 3,930 ಅಡಿ ಎತ್ತರದ್ದು. ಊರಿನ ಬೀದಿಯಿಂದ ತಲೆಯೆತ್ತಿ ನೋಡಿದರೆ ಬೆಟ್ಟ ಎನ್ನಿಸುವುದಿಲ್ಲ, ಆಕಾಶಕ್ಕೆ ಯಾರೋ ಗೋಡೆ ಕಟ್ಟಿದ್ದಾರೆ ಎನ್ನಿಸುತ್ತದೆ.

ಊರಾಚೆ ರಸ್ತೆ ಅಗಲಿಸಲು ಸೀಳಿದ್ದ ಬಂಡೆಯೊಂದರ ಬಳಿ ಇಳಿದೆ. ಹೊಸದಾಗಿ ಒಡೆದ ಮುಖದಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ನಸುಗೆಂಪು ಹರಳುಗಳು ಎದ್ದು ಕಾಣುತ್ತಿದ್ದವು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರದ ಹಳೆಯ ಹೆಸರು. ರಾಮನಗರದ ಕಡೆಯಿಂದ ಹಿಡಿದು ಮಧುಗಿರಿ, ಪಾವಗಡ ದಾಟಿ ಬಡಗಣಕ್ಕೆ ಹಬ್ಬಿರುವ ಈ ಕಲ್ಲಿನ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಾಳದಲ್ಲಿ ಕರಗಿದ್ದದ್ದು ನಿಧಾನವಾಗಿ, ಬಹಳ ನಿಧಾನವಾಗಿ ಆರಿದ್ದರಿಂದ ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಕ್ಕಿತು. "ಪಾಕ ಬೇಗ ಆರಿದರೆ ಸಣ್ಣ ಹರಳು, ನಿಧಾನವಾಗಿ ಆರಿದರೆ ಕಲ್ಲುಸಕ್ಕರೆ" ಎಂದು ತರಗತಿಯಲ್ಲಿ ಹೇಳುವುದನ್ನೇ ದೊಡ್ಡಪ್ಪನಿಗೂ ಹೇಳಿದೆ. ಅವರು ಹರಳನ್ನು ಉಗುರಿನಿಂದ ಕೆರೆದು ನೋಡಿ ತಲೆದೂಗಿದರು.

ಮೈದನಹಳ್ಳಿ ತಲುಪಿದಾಗ ಎಂಟು ಗಂಟೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಇರುವುದು ಇಲ್ಲೇ, 798 ಎಕರೆ, ಘೋಷಣೆಯಾದದ್ದು 2007ರಲ್ಲಿ. ಆಂಧ್ರದ ಗಡಿ ಕೂಗಳತೆಯಲ್ಲಿದೆ. ಸುತ್ತ ಜೋಳ, ಕಡಲೆಕಾಯಿ ಬೆಳೆಯುವ ಹೊಲಗಳು, ನಡುವೆ ಈ ಬಯಲು. ವೀಕ್ಷಣಾ ಗೋಪುರದ ಮೆಟ್ಟಿಲು ಹತ್ತಲು ದೊಡ್ಡಪ್ಪನಿಗೆ ಆಗುವುದಿಲ್ಲವೆಂದು ಇಬ್ಬರೂ ಕೆಳಗೇ, ಒಂದು ಜಾಲಿಯ ನೆರಳಿನಲ್ಲಿ ಕುಳಿತೆವು. ಅದೇ ಒಳ್ಳೆಯದಾಯಿತು.

ಮೊದಲು ಕಂಡದ್ದು ಹೆಣ್ಣುಗಳು, ಒಣಹುಲ್ಲಿನ ಬಣ್ಣದವು, ಅಲುಗಾಡದಿದ್ದರೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು. ಆಮೇಲೆ ಗಂಡು ಬಂತು. ಬೆನ್ನು ಕಡುಗಪ್ಪು, ಹೊಟ್ಟೆ ಬೆಳ್ಳಗೆ, ಕಣ್ಣ ಸುತ್ತ ಬಿಳಿಯ ಉಂಗುರ. ಕೊಂಬುಗಳು ಹುರಿ ಹಾಕಿದ ಹಗ್ಗದಂತೆ ತಿರುಚಿಕೊಂಡು ಮೇಲೆದ್ದಿದ್ದವು. ಅದು ಮೂತಿಯನ್ನು ಆಕಾಶಕ್ಕೆತ್ತಿ, ಕೊಂಬುಗಳನ್ನು ಬೆನ್ನಿಗೆ ತಾಗಿಸಿ, ಕಿವಿ ಜೋತುಬಿಟ್ಟು, ಒಂದೊಂದೇ ಹೆಜ್ಜೆಯಿಡುತ್ತಾ ತನ್ನ ಹಿಕ್ಕೆಯ ಗುಡ್ಡೆಯವರೆಗೆ ನಡೆದುಬಂದು ನಿಂತಿತು. ದಿನವೂ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕಿ, ಇದು ನನ್ನ ನೆಲ ಎಂದು ಮಿಕ್ಕ ಗಂಡುಗಳಿಗೆ ಸಾರುವ ಕ್ರಮ ಅದು. ಎಲ್ಲಿಂದಲೋ ಎರಡು ನಾಯಿಗಳು ಬಂದವು. ಇಡೀ ಹಿಂಡು ಒಮ್ಮೆಲೇ ಚಿಮ್ಮಿತು. ನಾಲ್ಕು ಕಾಲನ್ನೂ ಒಟ್ಟಿಗೆ ನೆಲದಿಂದ ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ನಿಂತ ಹಾಗೆ ಕಂಡು, ಮತ್ತೆ ಚಿಮ್ಮಿ, ಆ ತುದಿಗೆ ಹೋಗಿ ನಿಂತಿತು. ಮರಿಗಳಿಗೆ ತೋಳಕ್ಕಿಂತ ಈ ಊರ ನಾಯಿಗಳದೇ ದೊಡ್ಡ ಕಾಟ ಎಂದು ಜೊತೆಗಿದ್ದ ವಾಚರ್ ಬೇಸರದಿಂದ ಹೇಳಿದರು.

ಈ ಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಅದರ ರಕ್ಷಣೆ ಇರುವುದೇ ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ಮರ ಒತ್ತಾಗಿ ಬೆಳೆದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಇದು ಇಷ್ಟು ಸರಳವಾದ ಸಂಗತಿ. ಆದರೂ ನಾವು ದಶಕಗಳ ಕಾಲ ಬಯಲು ಕಂಡಲ್ಲೆಲ್ಲ ನೀಲಗಿರಿ ನೆಟ್ಟೆವು. ಮೈದನಹಳ್ಳಿಯಲ್ಲೂ ಹಳೆಯ ನೀಲಗಿರಿ ಮರಗಳು ನಿಂತಿವೆ. ರಾಣೆಬೆನ್ನೂರಿನ ಕಥೆ ಇದಕ್ಕಿಂತ ನೋವಿನದು. ಕೃಷ್ಣಮೃಗ ಮತ್ತು ಎರೆಭೂತ ಎಂಬ ದೊಡ್ಡ ಹಕ್ಕಿಗಳಿಗಾಗಿ 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಆದರೆ ಆ ನೆಲದ ಬಹುಪಾಲನ್ನು ನೀಲಗಿರಿ ತೋಪು ಆವರಿಸಿತು. ಕೃಷ್ಣಮೃಗ ಉಳಿಯಿತು, ಎರೆಭೂತ ಹೋಯಿತು. ಸುಮಾರು ಒಂದು ಮೀಟರ್ ಎತ್ತರಕ್ಕೆ ಕತ್ತು ಚಾಚಿ ನಡೆಯುವ ಆ ಹಕ್ಕಿಯನ್ನು ತಮ್ಮ ತಂದೆ ಹೊಲದಲ್ಲಿ ಕಂಡಿದ್ದರಂತೆ ಎಂದು ದೊಡ್ಡಪ್ಪ ಹೇಳಿದರು. ಅವರು ಕಂಡಿಲ್ಲ. ನಾನು ಕಾಣುವ ಮಾತೇ ಇಲ್ಲ.

ರಾತ್ರಿ ಶಿರಾದಲ್ಲಿ ತಂಗಿದೆವು.

ಎರಡನೆಯ ದಿನ

ಹಿರಿಯೂರಿನಲ್ಲಿ ಅವರೆಕಾಳಿನ ಉಪ್ಪಿಟ್ಟು ತಿಂದು ಮಾರಿಕಣಿವೆಗೆ ಹೋದೆವು. ಅಲ್ಲಿ ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ನೀರು ಬರುವುದು ಬಾಬಾಬುಡನ್‌ಗಿರಿಯ ಮಗ್ಗುಲಿನಿಂದ, ಕಡೂರಿನ ಕಡೆಯಿಂದ. ನಾಳೆ ನಾವು ಹೋಗುವ ಸೀಮೆಯ ನೀರೇ ಇದು ಎಂದು ದೊಡ್ಡಪ್ಪ ತಲೆಗೆ ಪ್ರೋಕ್ಷಿಸಿಕೊಂಡರು.

ಅಲ್ಲಿಂದ ಹಿರಿಯೂರಿಗೆ ಮರಳಿ ಚಿತ್ರದುರ್ಗದ ಹೆದ್ದಾರಿ ಹಿಡಿದು, ಐಮಂಗಲದ ಆಚೆ ಮರಡಿಹಳ್ಳಿಗೆ ತಿರುಗಿದೆವು. ಮರಡಿ ಎಂದರೆ ಕಲ್ಲಿನ ಸಣ್ಣ ದಿಬ್ಬ. ಹೆಸರಿಗೆ ತಕ್ಕ ಹಾಗೆ ಊರ ಪಕ್ಕದಲ್ಲಿ ಅಂಥದ್ದೊಂದು ಗುಡ್ಡವಿದೆ. ಈ ಗುಡ್ಡದ ಕಲ್ಲನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ನಮ್ಮ ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಇದೇ ಗೌರವ ಸಂದಿದೆ. ಲಾಲ್‌ಬಾಗಿಗೆ ದಿನವೂ ಸಾವಿರಾರು ಜನ ಬರುತ್ತಾರೆ. ಮರಡಿಹಳ್ಳಿಯಲ್ಲಿ ನಾವಿಬ್ಬರು, ಮೂರು ಮೇಕೆ, ಮೇಕೆ ಕಾಯುವ ಒಬ್ಬ ಹುಡುಗ.

ಗುಡ್ಡದ ಮೇಲ್ಮೈಯನ್ನು ಮೊದಲು ನೋಡಿದಾಗ ಬಂಡೆ ಎನ್ನಿಸಲಿಲ್ಲ. ಹಬ್ಬದ ದಿನ ದೊಡ್ಡ ಪಾತ್ರೆಯಲ್ಲಿ ಮುದ್ದೆಗಳನ್ನು ಬಿಸಿಯಿರುವಾಗಲೇ ಒಂದರ ಮೇಲೊಂದು ಒತ್ತಿಟ್ಟರೆ ಹೇಗೆ ಒಂದಕ್ಕೊಂದು ಅಮರಿಕೊಳ್ಳುತ್ತವೆಯೋ ಹಾಗಿತ್ತು. ದಿಂಬು ಲಾವಾ ಎಂಬ ಹೆಸರೂ ಅದಕ್ಕೇ ಬಂದದ್ದು. 250 ಕೋಟಿ ವರ್ಷಕ್ಕೂ ಹಿಂದೆ ಈ ನೆಲ ನೀರಿನ ಅಡಿಯಲ್ಲಿತ್ತು. ತಳ ಬಿರಿದು ಲಾವಾ ಉಕ್ಕಿತು. ನೀರು ತಾಗಿದ ಕೂಡಲೇ ಅದರ ಹೊರಮೈ ಆರಿ ಚರ್ಮ ಕಟ್ಟಿತು, ಒಳಗೆ ಇನ್ನೂ ಕುದಿಯುತ್ತಿತ್ತು. ಹಿಂದಿನಿಂದ ಒತ್ತಡ ಬಂದಾಗ ಆ ಚರ್ಮ ಎಲ್ಲೋ ಬಿರಿದು ಇನ್ನೊಂದು ಮುದ್ದೆ ಹೊರಟಿತು. ಅದೂ ಆರಿತು, ಅದೂ ಬಿರಿಯಿತು. ಹೀಗೆ ಒಂದರ ಮೇಲೊಂದು.

ನಾನು ಮಂಡಿಯೂರಿ ಕೂತು ಒಂದು ದಿಂಬಿನ ಅಂಚನ್ನು ಬೆರಳಿನಿಂದ ಸವರಿದೆ. ಹಸಿರು ಬೆರೆತ ಬೂದುಬಣ್ಣ. ಅಂಚಿನಲ್ಲಿ ಎರಡು ಬೆರಳಿನಷ್ಟು ಅಗಲಕ್ಕೆ ಕಲ್ಲು ಹೆಚ್ಚು ಕಪ್ಪಗೆ, ಹೆಚ್ಚು ನುಣುಪಾಗಿತ್ತು. ಅದೇ ನೀರು ತಾಗಿ ಥಟ್ಟನೆ ಆರಿದ ಚರ್ಮ. ನಿನ್ನೆ ಮಧುಗಿರಿಯಲ್ಲಿ ಉಗುರಿನಷ್ಟು ದೊಡ್ಡ ಹರಳು ಕಂಡಿದ್ದೆವಲ್ಲ, ಇಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಬೆಳೆಯಲು ಪುರುಸೊತ್ತೇ ಇರಲಿಲ್ಲ. ಇನ್ನೊಂದು ಸೋಜಿಗವಿದೆ. ಮೇಲಿನ ದಿಂಬು ಮೆತ್ತಗಿರುವಾಗಲೇ ಕೂತದ್ದರಿಂದ ಅದರ ಅಡಿಭಾಗ ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಇಳಿಬಿದ್ದಿರುತ್ತದೆ, ಬೆನ್ನು ಮಾತ್ರ ಉಬ್ಬಿಕೊಂಡೇ ಇರುತ್ತದೆ. ನೆಲ ಎಷ್ಟೇ ಮಗುಚಿ, ಮಡಿಚಿ, ಓರೆಯಾಗಿ ನಿಂತಿದ್ದರೂ ಆ ಕಾಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ದಿಂಬಿನ ಆಕಾರ ನೋಡಿ ಹೇಳಬಹುದು. ಮೇಕೆ ಕಾಯುವ ಹುಡುಗನಿಗೆ ಇದನ್ನು ತೋರಿಸಿದೆ. ಅವನು ಸುತ್ತಲಿನ ದಿಂಬುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ, "ಇದು ಬೆನ್ನು, ಇದು ಹೊಟ್ಟೆ" ಎಂದು ಹೇಳುತ್ತಾ ಹೋದ. ಒಂದೂ ತಪ್ಪಲಿಲ್ಲ.

ಕೆಲವು ಕಡೆ ಕಲ್ಲಿನ ಮೇಲೆ ಹೆಸರು ಗೀಚಿದ್ದಾರೆ, ಬಣ್ಣ ಬಳಿದಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ಇಂಥ ಕಲ್ಲು ಮುರಿದರೆ ಮತ್ತೆ ಬೆಳೆಯುವುದಿಲ್ಲ. ಈ ಜಿಲ್ಲೆಯ ಪ್ರತಿ ಶಾಲೆಯ ಮಕ್ಕಳೂ ಒಮ್ಮೆ ಇಲ್ಲಿ ಬಂದು ಕೈಯಿಟ್ಟು ಮುಟ್ಟಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಮಧ್ಯಾಹ್ನ ಹೊಸದುರ್ಗದ ದಾರಿ. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು, ತಗ್ಗಿನಲ್ಲಿ ತೆಂಗು, ಅಡಿಕೆ. ದೊಡ್ಡಪ್ಪ ಕಾವಲಿನ ಇತಿಹಾಸ ಹೇಳತೊಡಗಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದ. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ. ಫಿರಂಗಿ ಎಳೆಯುವ ಇಂಥ ಎತ್ತುಗಳಿಗೆ ವರ್ಷವಿಡೀ ಮೇವು ಸಿಗಲೆಂದು ರಾಜ್ಯದುದ್ದಕ್ಕೂ ಹುಲ್ಲಿನ ಬಯಲುಗಳನ್ನು ಮೀಸಲಿಟ್ಟರು. ಬೇಸಗೆಗೆ ಒಂದಿಷ್ಟು, ಮಳೆಗಾಲಕ್ಕೆ ಒಂದಿಷ್ಟು, ಚಳಿಗಾಲಕ್ಕೆ ಒಂದಿಷ್ಟು. ಒಂದು ಬಯಲಿನ ಹುಲ್ಲು ಮುಗಿಯುವ ಮೊದಲೇ ಹಿಂಡು ಇನ್ನೊಂದಕ್ಕೆ ಹೊರಡುತ್ತಿತ್ತು. ಹಾಗಾಗಿ ಪ್ರತಿ ಬಯಲಿಗೂ ವರ್ಷಕ್ಕೊಮ್ಮೆ ಬಿಡುವು ಸಿಗುತ್ತಿತ್ತು. ಕಾಯುವವನು ಇದ್ದದ್ದರಿಂದ ಆ ಬಯಲಿಗೆ ಕಾವಲು ಎಂದೇ ಹೆಸರಾಯಿತು. ಬ್ರಿಟಿಷರ ಕಾಲದಲ್ಲಿ, 1860ರಲ್ಲಿ, ಖರ್ಚು ಉಳಿಸಲು ಹಿಂಡನ್ನೇ ಮಾರಿಬಿಟ್ಟರು. ತಪ್ಪು ತಿಳಿದು 1866ರಲ್ಲಿ ಮತ್ತೆ ಕಟ್ಟಿದರು.

"ಹಿಂಡು ಮತ್ತೆ ಕಟ್ಟಬಹುದು. ನೆಲ ಹೋದರೆ?" ಎಂದರು ದೊಡ್ಡಪ್ಪ.

ನೆಲ ಹೋಗಿದೆ. ಆ ಕಾವಲುಗಳಲ್ಲಿ ಇಂದು ಉಳಿದಿರುವುದು ಅಲ್ಪಸ್ವಲ್ಪ. ಸಾಗುವಳಿಗೆ ಹೋಯಿತು, ಊರು ಬೆಳೆದವು, ತೋಪು ಎದ್ದವು. ಬೆಳಿಗ್ಗೆ ಹಿರಿಯೂರಿನಲ್ಲಿ ಚಳ್ಳಕೆರೆಗೆ ಹೋಗುವ ರಸ್ತೆಯ ಫಲಕ ಕಂಡಿತ್ತು. ಆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿ, ಕುರಿ ಮೇಯಿಸುವವರು ಬೇಲಿಯ ಹೊರಗೆ ನಿಂತರು. ವಿಜ್ಞಾನ ಕಲಿಸುವ ನನಗೆ ಆ ಸಂಸ್ಥೆಗಳು ಬೇಡ ಎನ್ನಲಾಗದು. ಆದರೆ ಆ ನೆಲ ಖಾಲಿ ಬಿದ್ದಿತ್ತು ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಲಾರೆ. ಹುಲ್ಲುಬಯಲನ್ನು ಸರ್ಕಾರದ ಪಟ್ಟಿಗಳಲ್ಲಿ ಬಂಜರು ಎಂದು ಬರೆದದ್ದೇ ಎಲ್ಲಕ್ಕೂ ಮೂಲ. ಬಂಜರು ಎಂದ ಮೇಲೆ ಕೊಡುವವನಿಗೂ ಅಳುಕಿಲ್ಲ, ತೆಗೆದುಕೊಳ್ಳುವವನಿಗೂ ಅಳುಕಿಲ್ಲ.

ಸಂಜೆ ಅಜ್ಜಂಪುರದ ಮೂಲಕ ಬೀರೂರು ಸೇರಿದೆವು.

ಮೂರನೆಯ ದಿನ

ಬಾಸೂರು ಅಮೃತ ಮಹಲ್ ಕಾವಲು ಕಡೂರು ತಾಲ್ಲೂಕಿನಲ್ಲಿದೆ. ಸುಮಾರು 736 ಹೆಕ್ಟೇರ್. 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಭಯಾರಣ್ಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಈ ಹೊಸ ಬಗೆಯನ್ನು ಸೇರಿಸಿತು. ಸರ್ಕಾರಿ ನೆಲವನ್ನು ಸುತ್ತಲಿನ ಜನರೊಡನೆ ಸಮಾಲೋಚಿಸಿ ಘೋಷಿಸಬೇಕು, ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಇರಬೇಕು, ಜನರ ಹಕ್ಕು ಅಲ್ಲಿಗೇ ಮುಗಿಯುವುದಿಲ್ಲ. ಕಾವಲಿನಂಥ ನೆಲಕ್ಕೆ ಇದು ಒಪ್ಪುವ ಕಾನೂನು ಎಂದು ನನ್ನ ಅಭಿಪ್ರಾಯ. ದನ, ಕುರಿ, ಕೃಷ್ಣಮೃಗ, ತೋಳ ಎಲ್ಲವೂ ಒಟ್ಟಿಗೆ ಬಾಳಿದ್ದರಿಂದಲೇ ಈ ಬಯಲು ಬಯಲಾಗಿ ಉಳಿದಿದೆ. ಯಾವುದೊಂದನ್ನು ಹೊರಗಿಟ್ಟರೂ ಅದು ಬೇರೆಯೇ ಜಾಗವಾಗುತ್ತದೆ.

ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಮುಂದಾಗಿ ಒಪ್ಪಿಗೆ ಪಡೆದಿದ್ದೆವು. ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು. ಮೊಣಕಾಲೆತ್ತರದ ಒಣಹುಲ್ಲು, ಅದರ ಮೇಲೆ ಇಬ್ಬನಿ, ಅಲ್ಲೊಂದು ಇಲ್ಲೊಂದು ಜಾಲಿ, ಈಚಲು, ಹಳದಿ ಹೂವಿನ ತಂಗಡಿ. ಕಾಲಡಿಯಲ್ಲಿ ಬೆಣಚುಕಲ್ಲಿನ ಚೂರುಗಳು ಬೆಳ್ಳಗೆ ಹರಡಿದ್ದವು. ಮಣ್ಣು ತೆಳು. ಮಳೆನೀರು ಕೊರೆದ ಕೊರಕಲಿನ ದಂಡೆಯಲ್ಲಿ ಅಳೆದು ನೋಡಿದೆ. ಒಂದು ಗೇಣಿನ ಕೆಳಗೆ ಕಲ್ಲು ಶುರುವಾಗುತ್ತದೆ. ಎರಡು ದಿನ ಕಲ್ಲು ನೋಡಿಕೊಂಡು ಬಂದದ್ದರ ಅರ್ಥ ಇಲ್ಲಿ ತಿಳಿಯಿತು. ಕೋಟ್ಯಂತರ ವರ್ಷ ಬಿಸಿಲು ಮಳೆಗೆ ಸವೆದ ಬಂಡೆಯ ಮೇಲೆ ಒಂದು ಗೇಣು ಮಣ್ಣು. ಅಷ್ಟರಲ್ಲಿ ದೊಡ್ಡ ಮರ ಬೇರು ಬಿಡಲಾರದು, ನೇಗಿಲು ಇಳಿಯಲಾರದು. ಹುಲ್ಲು ಮಾತ್ರ ಸೊಗಸಾಗಿ ಬಾಳುತ್ತದೆ.

ಟಿಟ್ಟಿಭವೊಂದು ನಮ್ಮನ್ನು ಕಂಡು ಇಡೀ ಕಾವಲಿಗೆ ಕೇಳುವಂತೆ ಕೂಗಿಕೊಂಡಿತು. ಗೌಜಲುಗಳು ಕಾಲಬುಡದಿಂದ ಭರ್ರನೆ ಹಾರಿದವು. ಒಂದು ಬಾನಾಡಿ ನೆಟ್ಟಗೆ ಮೇಲಕ್ಕೇರಿ ಹಾಡಿ, ಕಲ್ಲೆಸೆದ ಹಾಗೆ ಕೆಳಗಿಳಿಯಿತು. ದೊಡ್ಡಪ್ಪ ಇದಾವುದನ್ನೂ ನೋಡುತ್ತಿರಲಿಲ್ಲ. ದೂರದಲ್ಲಿ ಹಿಂಡು ಕಂಡಿತ್ತು.

ಅಮೃತ ಮಹಲ್ ಹಸುಗಳನ್ನು ಚಿತ್ರದಲ್ಲಿ ನೋಡಿದರೆ ಸಾಲದು. ಬೂದುಬಣ್ಣದ ಬಿಗಿಯಾದ ಮೈ, ಉದ್ದನೆಯ ಕಿರಿದಾದ ಮುಖ, ಬುಡದಲ್ಲಿ ಹತ್ತಿರವಿದ್ದು ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದು ಸೂಜಿಯಂತೆ ಚೂಪಾದ ಕೊಂಬುಗಳು. ನಮ್ಮನ್ನು ಕಂಡ ಕೂಡಲೇ ಹಿಂಡು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿತು. ಕರುಗಳು ಒಳಕ್ಕೆ ಸರಿದವು, ದೊಡ್ಡವು ಮುಂದೆ ಬಂದು ನಿಂತವು. ಕೊಟ್ಟಿಗೆಯ ಹಸುವಿನ ಸಾಧುತನ ಅವುಗಳ ಕಣ್ಣಿನಲ್ಲಿ ಇರಲಿಲ್ಲ. "ಹತ್ತಿರ ಹೋಗಬೇಡಿ ಯಜಮಾನರೇ" ಎಂದು ವಾಚರ್ ತಡೆದರು. ದೊಡ್ಡಪ್ಪ ನಿಂತಲ್ಲಿಂದಲೇ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಒಂದು ಸದ್ದು ಮಾಡಿದರು. ಅವರ ತಂದೆ ಎತ್ತುಗಳನ್ನು ಕರೆಯುತ್ತಿದ್ದ ಸದ್ದು. ಒಂದು ಮುದಿ ಹಸು ಕಿವಿ ನಿಮಿರಿಸಿತು, ಅಷ್ಟೇ. ಅವರ ಕಣ್ಣು ತುಂಬಿ ಬಂತು. ನಾನು ಆ ಕಡೆ ನೋಡಿದೆ.

ಬಿಸಿಲೇರಿದಾಗ ಅಂಚಿನಲ್ಲಿ ಒಬ್ಬ ಕುರಿಗಾಹಿ ಸಿಕ್ಕರು. ಕಂಬಳಿ, ಕೋಲು, ಬಗಲಿಗೆ ಬುತ್ತಿ. ರಾಗಿ ಕೊಯ್ದಾದ ಹೊಲಗಳಲ್ಲಿ ಕುರಿಮಂದೆ ಹಾಕಲು ಊರೂರು ಸುತ್ತುವವರು. ತೋಳದ ಮಾತೆತ್ತಿದೆ.

"ಇದೆ ತಾಯಿ. ಮೊನ್ನೆಯೂ ಒಂದು ಮರಿ ಹೋಯಿತು."

"ಸಿಟ್ಟು ಬರುವುದಿಲ್ಲವೇ?"

"ಬರದೆ ಇರುತ್ತದೆಯೇ? ಮರಿ ಹೋದ ದಿನ ಅನ್ನ ಸೇರುವುದಿಲ್ಲ. ಆದರೆ ಅದೂ ಈ ಕಾವಲಿನದೇ. ನಾವು ಬರುವ ಮೊದಲೂ ಇತ್ತು."

ಪರಿಹಾರದ ಹಣ ಕೈಗೆ ಬರಲು ಅಲೆಯಬೇಕು ಎಂದೂ ಅವರು ಹೇಳಿದರು. ತೋಳ ಉಳಿಯುವುದು ಇಂಥವರ ಸೈರಣೆಯ ಮೇಲೆ. ಆ ಸೈರಣೆಗೆ ಬೆಲೆ ಕಟ್ಟುವುದರಲ್ಲಿ ತಡ ಮಾಡಬಾರದು. ತೋಳ ನಮಗೆ ಕಾಣಲಿಲ್ಲ. ಕೊರಕಲಿನ ಒದ್ದೆ ಮರಳಿನಲ್ಲಿ ಹೆಜ್ಜೆ ಕಂಡಿತು, ಉಗುರುಗಳ ಗುರುತಿನೊಂದಿಗೆ, ಒಂದೇ ಗೆರೆಯಲ್ಲಿ ನೆಟ್ಟಗೆ ಸಾಗಿತ್ತು.

ಸಂಜೆಯವರೆಗೆ ಉಳಿದೆವು. ಐದೂವರೆಯ ಹೊತ್ತಿಗೆ ಸೆಳೆವಗಳು ಬರತೊಡಗಿದವು. ಹದ್ದಿನ ಬಳಗದ ಈ ಹಕ್ಕಿಗಳು ಚಳಿಗಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಬರುತ್ತವೆ. ಅಷ್ಟು ದೂರ ಹಾರಿ ಬಂದು ಇಲ್ಲಿ ಅವು ಹುಡುಕುವುದೂ ಹುಲ್ಲುಬಯಲನ್ನೇ. ಹಗಲು ಮಿಡತೆ, ಸಣ್ಣ ಹಕ್ಕಿ ಹಿಡಿದು ತಿನ್ನುತ್ತವೆ. ರಾತ್ರಿ ಮರದ ಮೇಲೆ ಕೂರುವುದಿಲ್ಲ, ನೆಲದ ಮೇಲೆ ಹುಲ್ಲಿನ ನಡುವೆ ಮಲಗುತ್ತವೆ. ಮೊದಲು ಬಂದದ್ದು ಬೂದುಬಿಳುಪಿನ ಗಂಡು. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಹುಲ್ಲಿನ ತುದಿ ತಾಗುತ್ತದೆಯೇನೋ ಎನ್ನುವಷ್ಟು ತಗ್ಗಿನಲ್ಲಿ ತೇಲಿ ಬಂತು. ಆಮೇಲೆ ಕಂದುಬಣ್ಣದ ಎರಡು ಹೆಣ್ಣು, ಬಾಲದ ಬುಡದಲ್ಲಿ ಬಿಳಿಪಟ್ಟಿ. ಮೂರೂ ಬಯಲನ್ನು ಮತ್ತೆ ಮತ್ತೆ ಸುತ್ತಿದವು. ಬೆಳಕು ಕೆಂಪಾಗಿ, ಬೂದಿಯಾಗಿ, ಹುಲ್ಲಿಗೂ ಹಕ್ಕಿಗೂ ಒಂದೇ ಬಣ್ಣ ಬಂದಾಗ ಒಂದೊಂದಾಗಿ ಇಳಿದವು. ಇಳಿದ ಜಾಗ ಗುರುತಿಟ್ಟುಕೊಂಡಿದ್ದರೂ ಆಮೇಲೆ ಅಲ್ಲಿ ಹುಲ್ಲು ಬಿಟ್ಟು ಏನೂ ಕಾಣಲಿಲ್ಲ.

ಬೀರೂರಿನ ಕೋಣೆಗೆ ಮರಳಿದಾಗ ದೊಡ್ಡಪ್ಪನ ಪಂಚೆಯ ಅಂಚಿನ ತುಂಬ ಹುಲ್ಲಿನ ಬೀಜಗಳು ಚುಚ್ಚಿಕೊಂಡಿದ್ದವು. ದೀಪದ ಕೆಳಗೆ ಕೂತು ಒಂದೊಂದಾಗಿ ಬಿಡಿಸಿದೆ. ಕಪ್ಪಾದ ಗಟ್ಟಿ ಮೊನೆ, ಮೊನೆಯ ಮೇಲೆ ಹಿಂದಕ್ಕೆ ಮಲಗಿದ ಸಣ್ಣ ರೋಮ, ಅದರ ಹಿಂದೆ ಬೆರಳುದ್ದದ, ಹಗ್ಗದಂತೆ ಹುರಿಗೊಂಡ ಬಾಲ. ಒಂದನ್ನು ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಟ್ಟೆ. ಕ್ಷಣ ಕಳೆದು ಅದು ಅಲುಗಿತು. ಬಾಲದ ಹುರಿ ಬಿಚ್ಚುತ್ತಾ, ಬೀಜ ತಾನೇ ತಾನಾಗಿ ಅಂಗೈ ಮೇಲೆ ತಿರುಗತೊಡಗಿತು. ಮಳೆ ಬಿದ್ದಾಗ ಬಿಚ್ಚಿ, ಬಿಸಿಲಿಗೆ ಮತ್ತೆ ಸುತ್ತಿಕೊಂಡು, ತಿರುಪಿನಂತೆ ತಿರುಗುತ್ತಲೇ ಆ ಗಟ್ಟಿ ನೆಲಕ್ಕೆ ಇಳಿಯುವ ಉಪಾಯ. ರೋಮಗಳು ಹಿಂದಕ್ಕೆ ಬರಲು ಬಿಡುವುದಿಲ್ಲ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಅದು ನಿಲ್ಲುವವರೆಗೂ ಬಾಗಿ ನೋಡಿದರು. ಬಿಡಿಸಿದ್ದ ಬೀಜಗಳನ್ನೆಲ್ಲ ಒಂದು ಕಾಗದದಲ್ಲಿ ಪೊಟ್ಟಣ ಕಟ್ಟಿದರು.

"ಹಿತ್ತಲಿಗೆ ಹಾಕುತ್ತೀರಾ ದೊಡ್ಡಪ್ಪ?"

"ಇಲ್ಲಮ್ಮಾ. ಬೆಳಿಗ್ಗೆ ಹೋಗುವಾಗ ಅಲ್ಲಿಗೇ ಹಾಕಿ ಹೋಗೋಣ. ಅಲ್ಲಿಯದು ಅದು."

ಮರುದಿನ ಊರಿಗೆ ಹೊರಡುವ ಮೊದಲು ಮತ್ತೆ ಬಾಸೂರಿನ ದಾರಿ ಹಿಡಿದೆವು. ಕಾವಲಿನ ಅಂಚಿನಲ್ಲಿ ಕಾರು ನಿಲ್ಲಿಸಿದೆ. ದೊಡ್ಡಪ್ಪ ಕೋಲೂರಿಕೊಂಡು ಇಳಿದು, ಪೊಟ್ಟಣ ಬಿಚ್ಚಿ, ರಾಗಿ ಬಿತ್ತುವ ಹಾಗೆ ಕೈ ಬೀಸಿ ಚೆಲ್ಲಿದರು.